ಮನೆವಾರ್ತೆ: ಅತ್ತೆಯವರ ಪದ ಎಲ್ಲಿ ಹೋದವು?



ಹೋದ ಸಲ ಕೆಂಪು ಮೆಣಸಿನಕಾಯಿ ಚಟ್ನಿ ವರ್ಷಗಟ್ಟಲೆ ಕೆಡದಂತೆ ಇಡುವ ಬಗೆ ಬರೆದಿದ್ದೆ. ಈ ಸಲ ಅಡಿಗೆಮನೆ ಬಿಟ್ಟು ಪಡಸಾಲೆಗೆ ಬಂದಿದ್ದೇನೆ. ಟಿ.ವಿ. ಕೆಳಗೆ ಕೂಡುವ ಪುಟ್ಟ ಕಂಪ್ಯೂಟರ್ ಪೆಟ್ಟಿಗೆ, ಅದಕ್ಕೆ ಬಾಲದಂತೆ ಜೋತುಬೀಳುವ ಹಾರ್ಡ್ ಡಿಸ್ಕು, ಇವುಗಳ ಮಾತು. ‘ಇದೆಲ್ಲಾ ಗಂಡಸರ ಕೆಲಸ’ ಎಂದು ಪುಟ ತಿರುವಬೇಡಿ. ನಮ್ಮ ಮನೆಯಲ್ಲಿ ಅದರ ಧೂಳು ಒರೆಸುವವಳು ನಾನು, ಅದು ಮುನಿಸಿಕೊಂಡರೆ ಬೈಸಿಕೊಳ್ಳುವವಳೂ ನಾನೇ!

ನನ್ನ ಮೈದುನ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾನೆ. 2021ರ ದೀಪಾವಳಿಗೆ ಬಾಗಲವಾಡಕ್ಕೆ ಬಂದಾಗ ಈ ಪೆಟ್ಟಿಗೆ ತಂದು ಜೋಡಿಸಿಕೊಟ್ಟ. ಅದರೊಳಗೆ ಇರುವುದು ಕೋಡಿ ಎಂಬ ಉಚಿತ ಕಾರ್ಯಕ್ರಮ. (ಕೆರೆಯ ಕೋಡಿಯಲ್ಲ, ಹೆಸರು ಮಾತ್ರ ಹಾಗೆ. 2014ರವರೆಗೆ ಇದನ್ನು ಎಕ್ಸ್‌ಬಿಎಂಸಿ ಎಂದು ಕರೆಯುತ್ತಿದ್ದರಂತೆ.) ಪೆಟ್ಟಿಗೆಗೆ ಎರಡು ಡಿಸ್ಕು. ಒಂದರಲ್ಲಿ ಸಿನಿಮಾ. ಇನ್ನೊಂದರಲ್ಲಿ ಮನೆಯ ಸಂಗತಿ: 2001ರ ನಮ್ಮ ಮದುವೆಯ ಕ್ಯಾಸೆಟ್ಟಿನಿಂದ ಇಳಿಸಿಕೊಂಡ ವಿಡಿಯೊ, ಮಕ್ಕಳ ಜಾವಳ, ಎಲ್ಲಕ್ಕಿಂತ ಮಿಗಿಲಾಗಿ ನಮ್ಮ ಅತ್ತೆಯವರು ಹಾಡಿದ ಬೀಸುವ ಪದಗಳು.

2017ರ ಬೇಸಿಗೆಯಲ್ಲಿ ಮಧ್ಯಾಹ್ನದ ಹೊತ್ತು ಅತ್ತೆಯವರನ್ನು ಬೀಸುಕಲ್ಲಿನ ಮುಂದೆ ಕೂಡಿಸಿ ಮೊಬೈಲಿನಲ್ಲಿ ಹಿಡಿದದ್ದು. ಹನ್ನೊಂದು ಪದ. ನಡುನಡುವೆ “ಸಾಕು ಬಿಡವ್ವಾ, ಗಂಟಲ ಒಣಗೇತಿ” ಎನ್ನುವುದೂ ಅದರಲ್ಲಿದೆ. 2019ರಲ್ಲಿ ಅವರು ಹೋದರು. ಆ ಮೊಬೈಲು ನೀರಿನ ಬ್ಯಾರೆಲ್ಲಿಗೆ ಬಿದ್ದು ಅದೂ ಹೋಯಿತು. ಉಳಿದದ್ದು ಆ ಒಂದು ಡಿಸ್ಕು ಮಾತ್ರ.

ಈ ವರ್ಷ ಅವರ ಪುಣ್ಯತಿಥಿಗೆ ಮೂರು ದಿನ ಇತ್ತು. ನಾದಿನಿಯರಿಬ್ಬರೂ ಬರುವವರು. “ಅವ್ವನ ಪದ ಹಚ್ಚಬೇಕ ನೋಡ ವೈನಿ” ಎಂದು ಮೊದಲೇ ಫೋನಿನಲ್ಲಿ ಹೇಳಿದ್ದರು. ಬೆಳಿಗ್ಗೆ ಹಂಚಿನ ಮೇಲೆ ರೊಟ್ಟಿ, ಅತ್ತ ಟಿ.ವಿ.ಯಲ್ಲಿ ‘ಹೊಸ ಅಪ್‌ಡೇಟ್ ಬಂದಿದೆ, ಹಾಕಲೇ?’ ಎಂಬ ಪ್ರಶ್ನೆ. ರೊಟ್ಟಿ ಸೀಯುತ್ತದೆಂಬ ಅವಸರದಲ್ಲಿ ಹಿಟ್ಟುಗೈಯಲ್ಲೇ ‘ಸರಿ’ ಒತ್ತಿಬಿಟ್ಟೆ. ಪೆಟ್ಟಿಗೆ ತನ್ನ ಮೂಲ ಪಾಠವನ್ನೆಲ್ಲ (ಅದಕ್ಕೇ ಫರ್ಮ್‌ವೇರ್ ಎನ್ನುವುದು) ಹೊಸದಾಗಿ ಕಲಿತು, ಆರಿ, ಮತ್ತೆ ಹೊತ್ತಿಕೊಂಡಿತು. ನೋಡಿದರೆ ಎರಡು ಡಿಸ್ಕೂ ಇಲ್ಲ!

“ಏನ ಒತ್ತಿದಿ ನೀನು?” ಎಂದರು ನಮ್ಮನೆಯವರು. ಅವರಿಗೆ ಏನು ಉತ್ತರ ಕೊಡಲಿ? ಮೈದುನನ ಫೋನು ಎತ್ತುವವರಿಲ್ಲ. ಮನೆಯ ಡಿಸ್ಕನ್ನು ಸೆರಗಿನಲ್ಲಿ ಸುತ್ತಿಕೊಂಡು ಮಾನ್ವಿಗೆ ಬಸ್ಸು ಹತ್ತಿದೆ.

ಅಂಗಡಿಯ ಹುಡುಗ ಅದನ್ನು ತನ್ನ ಪೆಟ್ಟಿಗೆಯೊಂದಕ್ಕೆ ಚುಚ್ಚಿದ, ಕಾಣಲಿಲ್ಲ, ಕಿತ್ತ. “ಫಾರ್ಮ್ಯಾಟ್ ಹೊಡೀಬೇಕ್ರೀ ಅಕ್ಕಾರ. ಹತ್ತು ನಿಮಿಷದ ಕೆಲಸ, ಇನ್ನೂರು ರೂಪಾಯಿ.”

“ಒಳಗ ಇದ್ದದ್ದು?”

“ಅದೆಲ್ಲ ಹೋಗತೈತ್ರೀ. ಡಿಸ್ಕ್ ಮಾತ್ರ ಹೊಸದರಂಗ ಆಗತೈತಿ.”

ನಿಜ ಹೇಳುತ್ತೇನೆ, ಫಾರ್ಮ್ಯಾಟ್ ಎಂದರೆ ಏನೆಂದು ನನಗೆ ಆಗ ಗೊತ್ತಿರಲಿಲ್ಲ. ಒಳಗಿದ್ದದ್ದು ಏನಾಗುತ್ತದೆ ಎಂದು ಕೇಳದೆ ಹೋಗಿದ್ದರೆ ಇನ್ನೂರು ರೂಪಾಯಿ ಕೊಟ್ಟು ಅತ್ತೆಯವರ ದನಿಯನ್ನು ನಾನೇ ಅಳಿಸಿಸಿಕೊಂಡು ಬರುತ್ತಿದ್ದೆ. ಆದ್ದರಿಂದ ಈ ಶಬ್ದವನ್ನು ನೆನಪಿಟ್ಟುಕೊಳ್ಳಿ. ಪಾತ್ರೆ ತೊಳೆಯುವುದಲ್ಲ ಅದು, ಪಾತ್ರೆಯೊಳಗಿನ ಪಾಯಸ ಚೆಲ್ಲಿ ತೊಳೆಯುವುದು. ಕಂಪ್ಯೂಟರೇ ಕೇಳಲಿ, ಅಂಗಡಿಯವರೇ ಹೇಳಲಿ, ಒಳಗಿನ ಸಂಗತಿ ಬೇಕಾಗಿದ್ದರೆ ಬೇಡ ಎನ್ನಿ.

ರಾತ್ರಿ ಮೈದುನ ಸಿಕ್ಕ. ಅವನು ಮೊದಲು ಕೇಳಿದ್ದು ಇದು: “ವೈನಿ, ಡಿಸ್ಕಿನ ದೀಪ ಹತ್ತತೈತೋ ಇಲ್ಲೋ? ಕಿವಿ ಹತ್ತಿರ ಹಿಡಿದು ಕೇಳ್ರಿ, ಒಂದೇ ಸಮ ತಿರುಗತೈತೋ, ಟಿಕ್ ಟಿಕ್ ಅಂತೈತೋ? ಎರಡೂ ಕೂಡಿ ಹಚ್ಚಬ್ಯಾಡ್ರಿ. ಒಂದೊಂದೇ ಹಚ್ಚಿ ನೋಡ್ರಿ.”

ಒಂದೊಂದೇ ಹಚ್ಚಿದಾಗ ಗೊತ್ತಾಯಿತು, ಎರಡಕ್ಕೂ ಬೇರೆ ಬೇರೆ ರೋಗ!

ಸಿನಿಮಾ ಡಿಸ್ಕು ಎರಡನೆಯದರ ಜೊತೆಗಿದ್ದಾಗ ಟಿಕ್ ಟಿಕ್ ಎನ್ನುತ್ತಿತ್ತು, ಒಂಟಿಯಾಗಿ ಹಚ್ಚಿದ ಕೂಡಲೆ ಟಿ.ವಿ. ಮೇಲೆ ಬಂದುಬಿಟ್ಟಿತು. ಅಂದರೆ ಅದಕ್ಕೆ ಹೊಟ್ಟೆ ತುಂಬ ಕರೆಂಟ್ ಸಿಕ್ಕಿರಲಿಲ್ಲ. ಅಂಗೈಯಗಲದ ಈ ಡಿಸ್ಕುಗಳಿಗೆ ಬೇರೆ ಪ್ಲಗ್ ಇರುವುದಿಲ್ಲ, ಯುಎಸ್‌ಬಿ ವೈರಿನಲ್ಲೇ ಕುಡಿಯಬೇಕು. ಹಳೆಯ ಮಾದರಿಯ ಯುಎಸ್‌ಬಿ ಕಿಂಡಿಗೆ ನಿಯಮದಂತೆ 500 ಮಿಲಿಆಂಪಿಯರ್, ಸಾಮಾನ್ಯವಾಗಿ ನೀಲಿ ನಾಲಿಗೆ ಇರುವ ಹೊಸದಕ್ಕೆ 900. ನಮ್ಮದು ಅದಲ್ಲ, ಲೆಕ್ಕ ತಿಳಿಯಲೆಂದು ಹೇಳುತ್ತೇನೆ: ಈ ಜಾತಿಯಲ್ಲಿ ಹೆಸರಾದ ರಾಸ್ಪ್‌ಬೆರಿ ಪೈ ಎಂಬ ಕಂಪ್ಯೂಟರಿನ 2019ರ ನಾಲ್ಕನೆಯ ಮಾದರಿಯಲ್ಲಿ ನಾಲ್ಕು ಕಿಂಡಿಗೂ ಸೇರಿ 1200 ಮಿಲಿಆಂಪಿಯರ್. ಡಿಸ್ಕು ತಿರುಗುತ್ತಿರುವಾಗ ಬೇಕಾದುದಕ್ಕಿಂತ ತಿರುಗಲು ಶುರು ಮಾಡುವಾಗ ಹೆಚ್ಚು ಬೇಕು, ಬೀಸುಕಲ್ಲಿಗೆ ಮೊದಲ ಸುತ್ತಿನಲ್ಲಿ ಹೆಚ್ಚು ಕಸುವು ಬೇಕಾದ ಹಾಗೆ.

ಹಾಗಾದರೆ ಇಷ್ಟು ದಿನ ಹೇಗೆ ನಡೆಯಿತು? ನಾವು ಪೆಟ್ಟಿಗೆಯನ್ನು ಪೂರ್ತಿ ಆರಿಸುತ್ತಲೇ ಇರಲಿಲ್ಲ. ಕರೆಂಟ್ ಹೋದರೂ ಇನ್ವರ್ಟರಿನ ಮೇಲೆ ಇರುತ್ತಿತ್ತು. ಡಿಸ್ಕುಗಳನ್ನು ಒಂದಾದ ಮೇಲೆ ಒಂದು ಹಚ್ಚಿದ್ದೆವು. ಅಪ್‌ಡೇಟ್ ಆಗಿ ಪೆಟ್ಟಿಗೆ ಹೊಸದಾಗಿ ಎದ್ದಾಗ ಎರಡೂ ಒಟ್ಟಿಗೆ ಬಾಯಿ ತೆರೆದವು. ಇದಕ್ಕೆ ಮದ್ದು, ಸ್ವಂತ ಅಡಾಪ್ಟರ್ ಇರುವ ಯುಎಸ್‌ಬಿ ಹಬ್. ಅಡಾಪ್ಟರ್ ಇಲ್ಲದ ಅಗ್ಗದ ಹಬ್ ತರಬೇಡಿ. ಅದು ಇದ್ದ ಅನ್ನವನ್ನೇ ನಾಲ್ಕು ತಟ್ಟೆಗೆ ಹಂಚುತ್ತದೆ.

ಮನೆಯ ಡಿಸ್ಕಿನ ಕಥೆ ಬೇರೆ. ಒಂಟಿಯಾಗಿ ಹಚ್ಚಿದರೂ ದೀಪ ಹತ್ತುತ್ತದೆ, ಹದವಾಗಿ ತಿರುಗುತ್ತದೆ, ಟಿ.ವಿ. ಮೇಲೆ ಮಾತ್ರ ಇಲ್ಲ. ನನ್ನ ಎದೆ ಧಸಕ್ಕೆಂದಿತು. ಮಗಳ ಲ್ಯಾಪ್‌ಟಾಪಿಗೆ ಹಚ್ಚಿ ನೋಡಲು ಮೈದುನ ಹೇಳಿದ. ಅಲ್ಲಿ ಬಂತು! ಜೊತೆಗೆ ‘ಈ ಡಿಸ್ಕಿನಲ್ಲಿ ತೊಂದರೆ ಇದೆ, ಪರೀಕ್ಷಿಸಿ ಸರಿಪಡಿಸಲೇ?’ ಎಂಬ ಪ್ರಶ್ನೆಯೂ ಬಂತು.

ನಾನು ಹೂಂ ಎನ್ನುವವಳಿದ್ದೆ. “ತಡೀರಿ ವೈನಿ, ಮೊದಲ ಅವ್ವನ ಪದ ಲ್ಯಾಪ್‌ಟಾಪಿಗೆ ಇಳಿಸಿಕೊಳ್ರಿ, ಆಮ್ಯಾಲ ರಿಪೇರಿ” ಎಂದ. ಡಿಸ್ಕು ನಿಜವಾಗಿ ಹಾಳಾಗಿದ್ದರೆ ರಿಪೇರಿಯೇ ಅದಕ್ಕೆ ಕೊನೆಯ ಪೆಟ್ಟಾಗಬಹುದಂತೆ. ಮೊದಲು ಪದ, ಆಮೇಲೆ ಫೋಟೊ, ಕೊನೆಗೆ ಮದುವೆ. ಎಲ್ಲ ಇಳಿಯುವ ಹೊತ್ತಿಗೆ ಹನ್ನೊಂದೂವರೆ. ಆಮೇಲೆ ಡಿಸ್ಕಿನ ಗುರುತಿನ ಮೇಲೆ ಬಲಗಡೆ ಗುಂಡಿ ಒತ್ತಿ, ಪ್ರಾಪರ್ಟೀಸ್, ಟೂಲ್ಸ್, ಚೆಕ್ ಎಂದು ಹೋಗಿ ಪರೀಕ್ಷೆ ಮಾಡಿಸಿದೆವು. ‘ಇಜೆಕ್ಟ್’ ಒತ್ತಿ, ತೆಗೆಯಬಹುದು ಎಂದ ಮೇಲೆಯೇ ವೈರು ತೆಗೆದೆವು. ಪೆಟ್ಟಿಗೆಗೆ ಹಚ್ಚಿದರೆ ಡಿಸ್ಕು ಏನೂ ಆಗದವರಂತೆ ಬಂದು ಕುಳಿತಿತ್ತು.

ಕಾರಣ ಕೇಳಿದರೆ ನಮ್ಮ ಮನೆಯೊಳಗೇ ಇತ್ತು. ಸಂಕ್ರಾಂತಿಯ ಫೋಟೊ ತುಂಬಿಸಿ ಮಗಳು ವೈರನ್ನು ಸಟಕ್ಕನೆ ಎಳೆದಿದ್ದಳು. ವಿಂಡೋಸ್ ಡಿಸ್ಕಿನಲ್ಲಿ ಬರೆಯುವಾಗ ‘ಲೆಕ್ಕ ಇನ್ನೂ ಮುಗಿದಿಲ್ಲ’ ಎಂದು ಒಂದು ಗುರುತು ಹಾಕುತ್ತದೆ, ಇಜೆಕ್ಟ್ ಮಾಡಿದಾಗ ಅಳಿಸುತ್ತದೆ. ಎಳೆದರೆ ಗುರುತು ಹಾಗೇ ಉಳಿಯುತ್ತದೆ. ನಮ್ಮ ಪೆಟ್ಟಿಗೆ ನಡೆಯುವುದು ಲಿನಕ್ಸಿನ ಮೇಲೆ. ವಿಂಡೋಸಿನ ಎನ್‌ಟಿಎಫ್‌ಎಸ್ ಡಿಸ್ಕುಗಳನ್ನು ಅದರಲ್ಲಿ ಓದುತ್ತಿದ್ದ ಹಳೆಯ ಉಪಾಯ ಈ ಗುರುತು ಕಂಡರೂ ಹೇಗೋ ಬಾಗಿಲು ತೆರೆಯುತ್ತಿತ್ತು. 2021ರ ಲಿನಕ್ಸ್ 5.15ರೊಡನೆ ಬಂದ ಹೊಸ ಉಪಾಯ ಕಟ್ಟುನಿಟ್ಟಿನದು, ಗುರುತಿದ್ದರೆ ತೆರೆಯುವುದಿಲ್ಲ. ನಾನು ಒತ್ತಿದ ‘ಸರಿ’ಯಿಂದ ಆ ಹೊಸದು ನಮ್ಮ ಪೆಟ್ಟಿಗೆಗೂ ಬಂದಿತ್ತು. ಎಲ್ಲವನ್ನೂ ಅಪ್‌ಡೇಟಿನ ತಲೆಗೆ ಕಟ್ಟಿದ್ದೆ, ಪಾಪ! ಇನ್ನೊಂದು ಮಾತು. ವಿಂಡೋಸ್ ಲ್ಯಾಪ್‌ಟಾಪನ್ನು ನಾವು ಆರಿಸಿದರೂ ಕೆಲವು ಸಲ ಅದು ಅರೆನಿದ್ದೆಯಲ್ಲೇ ಇದ್ದು ಡಿಸ್ಕನ್ನು ಹಿಡಿದುಕೊಂಡಿರುತ್ತದೆ. ಶಿಫ್ಟ್ ಗುಂಡಿ ಹಿಡಿದುಕೊಂಡು ‘ಶಟ್‌ಡೌನ್’ ಒತ್ತಿದರೆ ಪೂರ್ತಿ ಮಲಗುತ್ತದೆ.

ಡಿಸ್ಕು ಬಂದ ಮೇಲೂ ಒಂದು ಪೀಕಲಾಟ. ಪಟ್ಟಿಯಲ್ಲಿ ಹೆಸರಿವೆ, ಒತ್ತಿದರೆ ‘ಫೈಲ್ ಸಿಗಲಿಲ್ಲ’. ಮನೆ ಬದಲಿಸಿದವರಿಗೆ ಹಳೆಯ ವಿಳಾಸಕ್ಕೆ ಕಾಗದ ಬರೆದಂತೆ. ಸೆಟ್ಟಿಂಗಿನಲ್ಲಿ ಡಿಸ್ಕಿನ ಜಾಗವನ್ನು ಮತ್ತೆ ತೋರಿಸಿಕೊಟ್ಟರೆ ಸರಿಹೋಗುತ್ತದೆ. ಎರಡು ಡಿಸ್ಕು ಇದ್ದವರು ಎರಡಕ್ಕೂ ಬೇರೆ ಬೇರೆ ಹೆಸರಿಟ್ಟುಕೊಳ್ಳಿ. ನಾವು ಈಗ ‘ಸಿನಿಮಾ’, ‘ಮನೆ’ ಎಂದಿಟ್ಟಿದ್ದೇವೆ.

ನಮ್ಮ ಜಿಲ್ಲೆಯ ಶಕ್ತಿನಗರದಲ್ಲಿ 1985ರಿಂದ ಕರೆಂಟ್ ಹುಟ್ಟುತ್ತಿದ್ದರೂ ಗುಡುಗು ಸಿಡಿಲು ಬಂದಾಗ ನಮ್ಮೂರಲ್ಲಿ ದೀಪ ಹೋಗುವುದು ತಪ್ಪಿದ್ದಲ್ಲ. ಅಂಥ ಸಂಜೆ ಅಪ್‌ಡೇಟಿಗೆ ಕೈ ಹಾಕಬೇಡಿ. ಫರ್ಮ್‌ವೇರ್ ಅರ್ಧ ಬರೆದಾಗ ಕರೆಂಟ್ ಹೋದರೆ ಪೆಟ್ಟಿಗೆ ಮತ್ತೆ ಏಳದೆಯೂ ಇರಬಹುದು. ನಾನಂತೂ ಈಗ ಊಟ ಮುಗಿದು, ಕೈ ತೊಳೆದು, ಡಿಸ್ಕುಗಳನ್ನು ಬಿಡಿಸಿಟ್ಟು ಆಮೇಲೆ ಒತ್ತುತ್ತೇನೆ.

ಪುಣ್ಯತಿಥಿಯ ದಿನ ಪೂಜೆ, ಊಟ ಮುಗಿದ ಮೇಲೆ ಪದ ಹಚ್ಚಿದೆ. ನಾದಿನಿಯರಿಬ್ಬರೂ ಗೋಡೆಗೆ ಒರಗಿ ಕೂತಿದ್ದರು. ಮೂರನೆಯ ಪದದ ನಡುವೆ ಬೀಸುಕಲ್ಲು ನಿಂತು, “ಯಾರವ್ವಾ ಬಾಗಿಲಾಗ?” ಎಂದು ಅತ್ತೆಯವರು ಕೇಳುತ್ತಾರೆ. ಹಿರಿಯ ನಾದಿನಿ ಅರಿವಿಲ್ಲದೆ “ನಾನ ಬೇ” ಎಂದುಬಿಟ್ಟರು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡರು.

ಈಗ ಆ ಪದಗಳು ಮೂರು ಕಡೆ ಇವೆ: ನಮ್ಮ ಡಿಸ್ಕಿನಲ್ಲಿ, ಮಗಳ ಲ್ಯಾಪ್‌ಟಾಪಿನಲ್ಲಿ, ಸಿಂಧನೂರಿನ ನಾದಿನಿಯ ಮನೆಯಲ್ಲಿ. ಅವರಿಗೆಂದು ಬೇರೆ ಡಿಸ್ಕು ತರಿಸಿ ತುಂಬಿಸಿ, ಶೇಂಗಾ ಹೋಳಿಗೆಯ ಡಬ್ಬಿಯ ಜೊತೆ ಚೀಲದಲ್ಲಿಟ್ಟು ಕಳಿಸಿದೆ. ಡಿಸ್ಕು ಅಲ್ಲೇ ಇರಲಿ. ಡಬ್ಬಿ ಮಾತ್ರ ಇನ್ನೂ ವಾಪಸ್ಸು ಬಂದಿಲ್ಲ.