ಮನೆಯವರ ಜೊತೆ ಮಕ್ಕಳ ದುಡಿಮೆ: ಕಾನೂನಿನ ವಿನಾಯಿತಿ ರದ್ದಾಗಬೇಕೇ?

1986ರ ಬಾಲಕಾರ್ಮಿಕ ಕಾಯ್ದೆಗೆ ಕೇಂದ್ರ ಸರ್ಕಾರ 2016ರಲ್ಲಿ ತಿದ್ದುಪಡಿ ತಂದು, 14 ವರ್ಷದೊಳಗಿನ ಮಕ್ಕಳನ್ನು ಯಾವ ಕೆಲಸಕ್ಕೂ ಹಚ್ಚುವಂತಿಲ್ಲ ಎಂದಿತು. ಜೊತೆಗೇ, ಶಾಲೆ ಬಿಟ್ಟ ಮೇಲೆ ಮತ್ತು ರಜೆಯಲ್ಲಿ ಮನೆಯವರ ಅಪಾಯವಿಲ್ಲದ ಕಸುಬಿಗೆ ನೆರವಾಗಬಹುದು ಎಂದೂ ಸೇರಿಸಿತು. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಮಟ್ಟಿಗೆ ಈ ವಿನಾಯಿತಿ ಬೇಕೇ? ನನ್ನ ಒಲವು ರದ್ದತಿಯ ಕಡೆಗಿದೆ. ಆದರೂ ಎದುರು ವಾದವನ್ನು ಬದಿಗಿಡಲು ಆಗುವುದಿಲ್ಲ.

ಪರ: ರದ್ದಾಗಲೇಬೇಕು

ದೊಡ್ಡ ರಜೆ ಬರುವುದು ಏಪ್ರಿಲ್-ಮೇನಲ್ಲಿ. ಆಗ ಒಣಬೇಸಾಯದ ಹೊಲ ಖಾಲಿ. ಜೇವರ್ಗಿಯಲ್ಲಿ ಹತ್ತಿ ಬಿಡಿಸುವುದು, ಆಳಂದದಲ್ಲಿ ತೊಗರಿ ಕೊಯ್ದು ರಾಶಿ ಮಾಡುವುದು ದಸರಾ ರಜೆ ಮುಗಿದ ಮೇಲೆ, ಪಾಠ ನಡೆಯುವ ದಿನಗಳಲ್ಲಿ. ರಜೆಯ ಷರತ್ತಿಗೂ ನಮ್ಮ ಸುಗ್ಗಿಗೂ ತಾಳೆಯೇ ಇಲ್ಲ.

ಹತ್ತಿ ಬಿಡಿಸುವ ಕೂಲಿ ಕಿಲೋ ಲೆಕ್ಕದ್ದು. ಅವ್ವನ ಹಿಂದೆ ಹೋದ ಹುಡುಗಿಯೂ ಉಡಿ ಕಟ್ಟಿಕೊಂಡು ಸಾಲು ಹಿಡಿಯುತ್ತಾಳೆ. ಒಣಗಿ ಬಿರಿದ ಕಾಯಿಯ ಚೂಪು ತುದಿ ಉಗುರಿನ ಬುಡ ಗೀರುತ್ತದೆ. ಸಂಜೆ ಅವಳ ಹತ್ತಿಯೂ ಅವ್ವನ ಗಂಟಿಗೇ ಸೇರಿ ತಕ್ಕಡಿ ಏರುತ್ತದೆ; ಲೆಕ್ಕದಲ್ಲಿ ಒಬ್ಬರದೇ ಹೆಸರು. ಬೇರೆಯವರ ಹೊಲದಲ್ಲಿ ಇದು ಇವತ್ತಿಗೂ ಅಪರಾಧ. ಆದರೆ ‘ಅವ್ವನ ಕೂಡ ಬಂದಾಳ’ ಎಂದರೆ ತಪಾಸಣೆಗೆ ಬಂದವರು ಮುಂದೇನು ಕೇಳಬೇಕು? ವಿನಾಯಿತಿ ಇರುವ ತನಕ ಆ ಮಾತೇ ಹೊಲದ ಮಾಲೀಕನಿಗೂ ರಕ್ಷಣೆ.

ಮಗು ಸತತ 30 ದಿನ ಹೇಳದೆ ಗೈರಾದರೆ ಮುಖ್ಯೋಪಾಧ್ಯಾಯರು ನೋಡಲ್ ಅಧಿಕಾರಿಗೆ ತಿಳಿಸಬೇಕೆಂಬುದು ನಿಯಮ. ವಾರಕ್ಕೆರಡು ದಿನ ಹೊಲಕ್ಕೆ, ಉಳಿದ ದಿನ ಶಾಲೆಗೆ ಹೋಗುವವಳು ಈ ನಿಯಮದ ಕಣ್ಣಿಗೆ ಬೀಳುವುದೇ ಇಲ್ಲ. ಅವಳ ಭಾಗಾಕಾರ ಮಾತ್ರ ಹಿಂದೆ ಬಿದ್ದಿರುತ್ತದೆ.

ವಿರೋಧ: ಪೆಟ್ಟು ಬೀಳುವುದು ಬಡವರಿಗೆ

ತಕ್ಕಡಿಯ ಮಾತು ನಿಜ. ಆದರೆ ವಿನಾಯಿತಿ ತೆಗೆದರೆ ಮೊದಲು ತಪ್ಪಿತಸ್ಥರಾಗುವವರು ಮಳೆ ನಂಬಿ ಎರಡೆಕರೆ ಬಿತ್ತಿದ ಅಪ್ಪ-ಅವ್ವ. ಎರಡನೇ ಸಲ ಸಿಕ್ಕಿಬಿದ್ದ ಪಾಲಕರಿಗೆ ಈಗಲೇ 10,000 ರೂಪಾಯಿವರೆಗೆ ದಂಡವಿದೆ. ಸಂಜೆ ಎಮ್ಮೆಗೆ ನೀರು ಕುಡಿಸಿದ ಹುಡುಗನ ತಂದೆಯನ್ನೂ ಅವರ ಜೊತೆ ನಿಲ್ಲಿಸುವುದು ನ್ಯಾಯವಲ್ಲ. ದಿನಕ್ಕೆ ಮೂರು ಗಂಟೆ ಮೀರಬಾರದು, ರಾತ್ರಿ 7ರಿಂದ ಬೆಳಿಗ್ಗೆ 8ರವರೆಗೆ ಕೆಲಸ ಕೂಡದು ಎಂಬ ನಿಯಮಗಳು 2017ರಿಂದಲೇ ಇವೆ. ಅವನ್ನು ಮೊದಲು ಊರೂರಿಗೆ ತಿಳಿಸಿ ಜಾರಿ ಮಾಡಲಿ.

1988ರಲ್ಲಿ ಶುರುವಾದ ರಾಷ್ಟ್ರೀಯ ಬಾಲಕಾರ್ಮಿಕ ಯೋಜನೆಯ ತರಬೇತಿ ಕೇಂದ್ರಗಳು ದುಡಿಮೆಯಿಂದ ಬಿಡಿಸಿ ತಂದ ಮಕ್ಕಳಿಗೆ ಪಾಠ, ಊಟದ ಜೊತೆ ಭತ್ಯೆ ಕೊಡುತ್ತಿದ್ದವು. ಕೊನೆಯ ವರ್ಷಗಳಲ್ಲಿ ಅದು ತಿಂಗಳಿಗೆ 400 ರೂಪಾಯಿ. ಸಣ್ಣ ಮೊತ್ತವೇ. ಆದರೂ ಮಗಳ ಕೂಲಿ ತಪ್ಪಿತೆಂದು ಗೊಣಗುವ ಮನೆಗೆ ಕೊಡಲು ಅಷ್ಟಾದರೂ ಇತ್ತು. 2021ರ ಏಪ್ರಿಲ್‌ನಲ್ಲಿ ಆ ಯೋಜನೆಯನ್ನು ಸಮಗ್ರ ಶಿಕ್ಷಣದಲ್ಲಿ ವಿಲೀನಗೊಳಿಸಿದರು. ಆಸರೆಯನ್ನು ಹಿಂದಕ್ಕೆ ಪಡೆದು ಕಾನೂನನ್ನಷ್ಟೇ ಬಿಗಿ ಮಾಡಿದರೆ ಮಕ್ಕಳ ದುಡಿಮೆ ಇನ್ನಷ್ಟು ಮರೆಗೆ ಸರಿಯುತ್ತದೆ.

ಊರುಗಳಿಂದ, ತಾಂಡಾಗಳಿಂದ ಮುಂಬೈ, ಪುಣೆ, ಹೈದರಾಬಾದ್ ಕಡೆಗೆ ಗುಳೆ ಹೋಗುವವರು ಮಗುವನ್ನು ಯಾರ ಬಳಿ ಬಿಡಬೇಕು? ಗುಳೆಗೆ ಹೊರಡುವ ಮೊದಲೇ ಋತುಮಾನದ ವಸತಿ ಶಾಲೆ ತೆರೆಯಲಿ. ಅಫಜಲಪುರದ ಕಬ್ಬಿನ ಸೀಮೆಯಲ್ಲಿ ಕಡಿಯುವವರ ಮಕ್ಕಳಿಗೆ ಟೆಂಟ್ ಶಾಲೆ ಬರಲಿ. ವಿನಾಯಿತಿ ತೆಗೆಯುವ ಮಾತು ಆಮೇಲೆ ಆಡೋಣ.