ಯಾರು ಹೇಳಿದ್ದು?

ಮಕ್ಕಳೇ, ಮಳೆಗಾಲದ ಒಂದು ಸಂಜೆ ನಿಮ್ಮ ಮನೆಯ ಮೊಬೈಲಿಗೆ "ಜಿಲ್ಲಾಧಿಕಾರಿಗಳು ನಾಳೆ ಶಾಲೆಗಳಿಗೆ ರಜೆ ಘೋಷಿಸಿದ್ದಾರೆ" ಎಂಬ ಸುದ್ದಿ ಬಂತೆನ್ನಿ. ಕನ್ನಡದಲ್ಲೇ ಇದೆ. ಓದಿದರೆ ಸಂತೋಷವೂ ಆಗುತ್ತದೆ. ಆದರೆ ಯಾವ ಜಿಲ್ಲೆಯ ರಜೆ? ರತ್ನಗಿರಿಗೆ ಕರ್ನಾಟಕದ ತುಮಕೂರು ಜಿಲ್ಲೆಯ ಗಡಿ ಹತ್ತಿರ. ಅಲ್ಲಿಯ ರಜೆ ನಿಜವೇ ಇರಬಹುದು, ಅದು ನಮಗೆ ಸಲ್ಲುವುದಿಲ್ಲ. ಮಡಕಶಿರಾ ಸೀಮೆ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ರಾಯದುರ್ಗ ಅನಂತಪುರ ಜಿಲ್ಲೆಯಲ್ಲೇ ಉಳಿದಿದೆ. ನಮ್ಮ ರಜೆಯನ್ನು ಹೇಳಬೇಕಾದವರು ನಮ್ಮ ಜಿಲ್ಲೆಯ ಕಲೆಕ್ಟರು. ಅನುಮಾನವಿದ್ದರೆ ಹೆಡ್ಮಾಸ್ಟರರನ್ನು ಕೇಳಿದರಾಯಿತು.

ಇಂಥ ಸುದ್ದಿಯನ್ನು ನಂಬಿದರೆ ಒಂದು ದಿನದ ಪಾಠ ಹೋಗುತ್ತದೆ, ಅಷ್ಟೆ. ಬೀದರ್ ಜಿಲ್ಲೆಯಲ್ಲಿ ಒಬ್ಬರ ಪ್ರಾಣವೇ ಹೋಯಿತು. 2018ರ ಜುಲೈ 13ರಂದು ಹೈದರಾಬಾದಿನಿಂದ ಕಾರಿನಲ್ಲಿ ಬಂದ ಕೆಲವು ಗೆಳೆಯರು ದಾರಿಯಲ್ಲಿ ಶಾಲೆಯ ಮಕ್ಕಳಿಗೆ ಚಾಕಲೇಟು ಕೊಟ್ಟರು. ಆ ದಿನಗಳಲ್ಲಿ ಊರೂರಲ್ಲೂ ಮಕ್ಕಳ ಕಳ್ಳರ ಮಾತು ಹರಡಿತ್ತು. ಕಂಡವರಿಗೆ ಅನುಮಾನ ಬಂತು. "ಮಕ್ಕಳ ಕಳ್ಳರು ಬರುತ್ತಿದ್ದಾರೆ" ಎಂಬ ಸುದ್ದಿ ವಾಟ್ಸ್ಆ್ಯಪ್‌ನಲ್ಲಿ ಕಾರಿಗಿಂತ ಮೊದಲೇ ಮುರ್ಕಿ ಗ್ರಾಮವನ್ನು ತಲುಪಿತು. ಅಲ್ಲಿ ಜನ ಗುಂಪುಗೂಡಿ ಅವರನ್ನು ಹೊಡೆದರು. ಬಿಡಿಸಲು ಬಂದ ಪೊಲೀಸರಿಗೂ ಗಾಯಗಳಾದವು. ಒಬ್ಬ ಯುವ ಇಂಜಿನಿಯರ್ ತೀರಿಕೊಂಡರು. ಅವರು ಯಾರ ಮಗುವನ್ನೂ ಕದ್ದಿರಲಿಲ್ಲ.

ಇಲ್ಲಿ ಕಾರು ನಿಜ, ಚಾಕಲೇಟು ನಿಜ. ಕಳ್ಳರು ಎಂಬುದು ಮಾತ್ರ ಸುಳ್ಳು. ನಿಜದ ಜೊತೆ ಬೆರೆತು ಬಂದ ಸುಳ್ಳನ್ನು ಗುರುತಿಸುವುದು ದೊಡ್ಡವರಿಗೂ ಕಷ್ಟ. "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು" ಎಂಬ ಗಾದೆ ಹುಟ್ಟಿದ್ದು ಇದಕ್ಕೇ ಇರಬೇಕು. "ಎಲ್ಲರೂ ಹೇಳುತ್ತಿದ್ದಾರಲ್ಲ" ಎಂದು ಕೆಲವರು ವಾದಿಸುತ್ತಾರೆ. ಒಬ್ಬರು ಬರೆದದ್ದನ್ನೇ ನೂರು ಮಂದಿ ಮುಂದಕ್ಕೆ ಕಳಿಸಿದರೆ ಸಾಕ್ಷಿ ನೂರಾಗುವುದಿಲ್ಲ, ಒಂದೇ. ನಮ್ಮ ಸೀಮೆಯ ಮಕ್ಕಳಿಗೆ ಕನ್ನಡವೂ ಬರುತ್ತದೆ, ತೆಲುಗೂ ಬರುತ್ತದೆ. ಎರಡು ಭಾಷೆಯ ಪತ್ರಿಕೆಗಳನ್ನು ಓದಿ ಹೋಲಿಸಿ ನೋಡಬಹುದು. ಇದು ಎಲ್ಲರಿಗೂ ಇಲ್ಲದ ಅನುಕೂಲ. ಆದರೆ ಕನ್ನಡದ ಗಾಳಿಸುದ್ದಿಯನ್ನೇ ಯಾರೋ ತೆಲುಗಿನಲ್ಲಿ ಬರೆದಿದ್ದರೆ ಅದನ್ನು ಎರಡನೆಯ ಸಾಕ್ಷಿಯೆಂದು ಎಣಿಸಬೇಡಿ.

"ಯಾರು ಹೇಳಿದ್ದು? ಅವರು ಕಣ್ಣಾರೆ ಕಂಡರೇ?" ಎಂದು ಮನೆಯಲ್ಲಿ ಕೇಳಿದರೆ ಎದುರುತ್ತರ ಕೊಡುತ್ತೀಯಾ ಎಂದು ಗದರುವವರಿದ್ದಾರೆ. ನನಗೆ ಅದು ಎದುರುತ್ತರವೆನಿಸುವುದಿಲ್ಲ. ಕೇಳುವ ರೀತಿಯಲ್ಲಿ ಮರ್ಯಾದೆ ಇದ್ದರೆ ಸಾಕು. "ತಾತ, ಇದನ್ನು ನಿಮಗೆ ಹೇಳಿದವರು ಯಾರು?" ಎಂದು ಮೆಲ್ಲಗೆ ಕೇಳಿ ನೋಡಿ. ತಾತನೂ ಒಂದು ಗಳಿಗೆ ಯೋಚಿಸುತ್ತಾರೆ.