ದೈವಕ್ಕೆ ಪಂಥವೇಕೆ?

ಜೂಜಿನ ಮಾತಿಗೆ ದೇವರನ್ನು ಎಳೆದು ತರುವವರು ಎರಡು ಬಗೆ. ‘ಸೋಲುಗೆಲುವೆಲ್ಲ ಮೊದಲೇ ಬರೆದಿಟ್ಟದ್ದು, ನಾವು ಕಟ್ಟಿದರೂ ಅಷ್ಟೆ, ಬಿಟ್ಟರೂ ಅಷ್ಟೆ’ ಎಂದು ಹೇಳಿ ಆಡುವವನು ಒಬ್ಬ. ‘ಸರ್ವಜ್ಞನಾದ ದೇವರ ಲೋಕದಲ್ಲಿ ಆಕಸ್ಮಿಕವೆಂಬುದೇ ಇಲ್ಲ, ಅದೃಷ್ಟವನ್ನು ನಂಬಿ ಹಣ ಹೂಡುವುದು ದೇವರಿಗೇ ಎಸಗಿದ ಅಪಚಾರ’ ಎಂದು ಬೈಯುವವನು ಇನ್ನೊಬ್ಬ. ಒಬ್ಬನು ದೇವರ ಮರೆಯಲ್ಲಿ ಅಡಗುತ್ತಾನೆ. ಇನ್ನೊಬ್ಬನು ದೇವರ ಬೆತ್ತ ಹಿಡಿದು ಬರುತ್ತಾನೆ. ಇಬ್ಬರೂ ಹಿಡಿದ ದಾರಿ ತಪ್ಪು ಎಂಬುದು ನನ್ನ ವಾದ. ದೇವರಿಗೆ ಏನು ಗೊತ್ತು ಎಂಬುದರ ಮೇಲೆ ಜೂಜಿನ ತಪ್ಪು ಒಪ್ಪು ನಿಂತಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಅದನ್ನು ಕೇಳಲು ಇಬ್ಬರಿಗೂ ಮನಸ್ಸಿಲ್ಲ.

ತುಳುನಾಡಿನಲ್ಲಿ ಜಾತ್ರೆ ನೇಮಗಳ ಕಾಲ ಬಂತೆಂದರೆ ಕೋಳಿ ಅಂಕದ ಮಾತೂ ಬಂತು. ಬಂಟವಾಳ, ಬೆಳ್ತಂಗಡಿ, ಮೂಡಬಿದರೆಗಳ ಸುತ್ತಿನ ಗದ್ದೆ ಗುಡ್ಡಗಳಲ್ಲಿ ಹುಂಜದ ಕಾಲಿಗೆ ಬಾಳು ಕಟ್ಟಿ ಕಾದಾಟಕ್ಕೆ ಬಿಡುವ ಪದ್ಧತಿ ಬಹಳ ಹಳೆಯದು. ‘ಅಂಕ’ ಎಂಬುದೇ ದ್ವಂದ್ವಯುದ್ಧವನ್ನು ಹೇಳುವ ಹಳಗನ್ನಡದ ಮಾತು. ಘಟ್ಟದ ಮೇಲಿನ ಎಷ್ಟೋ ವಾಚಕರಿಗೆ ತಿಳಿಯದ ಸಂಗತಿಯೊಂದುಂಟು: ಈ ಕೋಳಿಗಳಿಗೂ ಒಂದು ಪಂಚಾಂಗವಿದೆ. ಕುಕ್ಕುಟ ಪಂಚಾಂಗವೆಂದು ಅದರ ಹೆಸರು. ಯಾವ ದಿನ, ಯಾವ ಹೊತ್ತಿನಲ್ಲಿ, ಯಾವ ಬಣ್ಣದ ಹುಂಜಕ್ಕೆ ಜಯ ಎಂಬುದನ್ನು ಅದು ಹೇಳುತ್ತದೆ. ಬಿಳಿಯ ಬೊಳ್ಳೆಗೆ ಒಂದು ಗಳಿಗೆ, ಕೆಂಬಣ್ಣದ ಕೆಮ್ಮೈರೆಗೆ ಇನ್ನೊಂದು ಗಳಿಗೆ.

ಈ ಪಂಚಾಂಗವನ್ನು ಜೇಬಿನಲ್ಲಿಟ್ಟುಕೊಂಡು ಹಣ ಕಟ್ಟುವ ಮಹನೀಯರಲ್ಲಿ ಒಂದು ಪ್ರಶ್ನೆ. ಅದರ ಮಾತು ನಿಜವೋ, ಸುಳ್ಳೋ? ನಿಜವಾದರೆ ಫಲ ನಿಮಗೆ ಮೊದಲೇ ಗೊತ್ತು. ಗೊತ್ತಿಲ್ಲದವನ ಎದುರು ಗೊತ್ತಿದ್ದೂ ಪಂಥ ಕಟ್ಟುವುದಕ್ಕೆ ಜೂಜೆಂಬ ಹೆಸರೂ ದೊಡ್ಡದಾಯಿತು. ಅದು ಬರಿಯ ಮೋಸ. ಸುಳ್ಳಾದರೆ ನಿಮ್ಮ ಹಣಕ್ಕೆ ಆಧಾರವೇ ಇಲ್ಲ. ಎದುರಾಳಿಯ ಜೇಬಿನಲ್ಲೂ ಅದೇ ಪಂಚಾಂಗವಿದ್ದರೆ? ಇಬ್ಬರಿಗೂ ಒಂದೇ ಫಲ ತಿಳಿದ ಮೇಲೆ ಸೋಲುವ ಹುಂಜದ ಮೇಲೆ ಹಣ ಕಟ್ಟುವವನು ಯಾರು? ಎಲ್ಲರೂ ಪಂಚಾಂಗವನ್ನು ನಿಜವಾಗಿ ನಂಬಿದ ದಿನ ಅಂಕದಲ್ಲಿ ಪಂಥ ಕಟ್ಟುವವರೇ ಇರುವುದಿಲ್ಲ. ಜೂಜು ನಡೆಯುವುದು ಭವಿಷ್ಯ ತಿಳಿದಿರುವುದರಿಂದಲ್ಲ, ತಿಳಿಯದಿರುವುದರಿಂದ.

ನಮ್ಮ ಪುರಾಣಕಾರರು ಇದನ್ನು ಚೆನ್ನಾಗಿ ಬಲ್ಲರು. ಮಹಾಭಾರತದ ಜೂಜುಗಳಲ್ಲಿ ಬರಿಯ ಅದೃಷ್ಟದಿಂದ ಗೆದ್ದವನನ್ನು ತೋರಿಸಿ ನೋಡೋಣ. ಶಕುನಿ ಗೆದ್ದದ್ದು ಕಪಟದಿಂದ. ನಳನನ್ನು ಪುಷ್ಕರ ಗೆದ್ದದ್ದು ಕಲಿಪುರುಷನ ಬೆಂಬಲದಿಂದ. ನಳನು ರಾಜ್ಯವನ್ನು ಮರಳಿ ಪಡೆದದ್ದೂ ಋತುಪರ್ಣನಿಂದ ಅಕ್ಷಹೃದಯವನ್ನು ಕಲಿತ ಮೇಲೆಯೇ. ಗೆದ್ದವನ ಕೈಯಲ್ಲಿ ಸೋತವನಿಗೆ ಕಾಣದ ಏನೋ ಒಂದು ಇದ್ದೇ ಇತ್ತು. ಇಂದು ಆ ‘ಏನೋ ಒಂದು’ ಎಂದರೆ ಲೆಕ್ಕ. ಹತ್ತು ಅಂಕೆಗಳಲ್ಲಿ ಒಂದಕ್ಕೆ ಕಟ್ಟಿಸಿಕೊಂಡು, ಗೆದ್ದವನಿಗೆ ಒಂಬತ್ತು ಪಟ್ಟು ಕೊಡುವವನಿಗೆ ದೇವರ ಮನಸ್ಸು ತಿಳಿಯಬೇಕಾಗಿಲ್ಲ. ಹತ್ತು ರೂಪಾಯಿ ಬಂದು ಒಂಬತ್ತು ಹೋದರೆ ಒಂದು ಉಳಿಯುತ್ತದೆ ಎಂದು ತಿಳಿದರೆ ಸಾಕು. ಆಡುವವನು ಹಣೆಬರಹವನ್ನು ನಂಬುತ್ತಾನೆ, ಆಡಿಸುವವನು ಗುಣಾಕಾರವನ್ನು. ಮನೆ ಕಟ್ಟಿಸಿದವರು ಯಾರೆಂದು ನೋಡಿಕೊಂಡು ಬನ್ನಿ.

‘ಹಾಗಾದರೆ ದೇವರಿಗೆ ಎಲ್ಲವೂ ಮೊದಲೇ ತಿಳಿದಿಲ್ಲವೆ? ತಿಳಿದಂತೆಯೇ ನಡೆಯಬೇಕಲ್ಲ? ನನ್ನ ತಪ್ಪೇನು?’ ಎಂದು ಕೇಳುವವರಿದ್ದಾರೆ. ಗ್ರಹಣ ಯಾವಾಗ ಹಿಡಿಯುತ್ತದೆಂದು ಗಣಿತಜ್ಞನು ವರ್ಷಗಳ ಮೊದಲೇ ಹೇಳುತ್ತಾನೆ. ಅಷ್ಟರಿಂದ ಸೂರ್ಯನಿಗೆ ಗ್ರಹಣ ಹಿಡಿಸಿದವನು ಅವನಾಗುವುದಿಲ್ಲ. ಆದರೆ ದೇವರು ತಿಳಿದವನು ಮಾತ್ರವಲ್ಲ, ಮಾಡಿದವನೂ ಹೌದಲ್ಲವೆ ಎನ್ನುತ್ತೀರಿ. ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಲು ಕಾಶಿಗೆ ಹೋಗಬೇಕಾಗಿಲ್ಲ. ಮೂಡಬಿದರೆಯ ಸಾವಿರ ಕಂಬದ ಬಸದಿಯಿಂದ ಉಡುಪಿಯ ಮಠಗಳವರೆಗಿನ ದಾರಿಯಲ್ಲೇ ಎರಡು ಉತ್ತರಗಳು ಸಿಗುತ್ತವೆ. ಜೈನರ ಕೇವಲಜ್ಞಾನಿ ಮೂರು ಕಾಲವನ್ನೂ ಬಲ್ಲನು. ಆದರೆ ಲೋಕವನ್ನು ಸೃಷ್ಟಿಸುವ ಕರ್ತೃವೊಬ್ಬನನ್ನು ಜೈನರು ಒಪ್ಪುವುದಿಲ್ಲ. ಅವನು ಬಲ್ಲನು, ಮಾಡಿಸನು. ಮಧ್ವಾಚಾರ್ಯರಿಗೆ ಹರಿಯೊಬ್ಬನೇ ಸ್ವತಂತ್ರ, ಉಳಿದುದೆಲ್ಲ ಅವನ ಅಧೀನ. ಆದರೂ ಜೀವನಿಗೆ ಕರ್ತೃತ್ವವುಂಟು, ಇಲ್ಲದಿದ್ದರೆ ಶಾಸ್ತ್ರದ ವಿಧಿನಿಷೇಧಗಳೆಲ್ಲ ವ್ಯರ್ಥವಾಗುತ್ತವೆ. ದೇವರ ವಿಷಯದಲ್ಲಿ ಇವರಿಬ್ಬರಿಗೆ ಎಂದೂ ಹೊಂದಿಕೆಯಿಲ್ಲ. ಜೂಜಿನ ವಿಷಯದಲ್ಲಿ? ಜೈನರ ಸಪ್ತವ್ಯಸನಗಳಲ್ಲಿ ದ್ಯೂತಕ್ಕೆ ಮೊದಲ ಸ್ಥಾನ; ವೈದಿಕರ ಧರ್ಮಶಾಸ್ತ್ರವೂ ಅದನ್ನು ರಾಜನ ದೊಡ್ಡ ವ್ಯಸನಗಳಲ್ಲಿ ಎಣಿಸುತ್ತದೆ. ವಿಧಿಯನ್ನು ಒಪ್ಪುವ ಮುಸಲ್ಮಾನರ ಕುರಾನೂ ಜೂಜನ್ನು ನಿಷೇಧಿಸಿದೆ. ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದಲ್ಲಿ ದೇವರು ಶಿವ, ಅರ್ಚಕರು ವೈಷ್ಣವರು, ಹೆಗ್ಗಡೆಯವರು ಜೈನರು. ಆ ಮೂರು ಮತಗಳಲ್ಲಿ ಯಾವುದನ್ನು ಹಿಡಿದರೂ ಜೂಜುಕೋರನಿಗೆ ಆಸರೆಯಿಲ್ಲ. ದೇವರ ಬಗ್ಗೆ ಇಷ್ಟು ಜಗಳವಾಡುವವರು ಜೂಜಿನ ಬಗ್ಗೆ ಒಮ್ಮತದಲ್ಲಿದ್ದಾರೆಂದರೆ, ಜೂಜಿನ ತಪ್ಪು ದೇವರ ಜ್ಞಾನದ ಮೇಲೆ ನಿಂತದ್ದಲ್ಲವೆಂದೇ ಅರ್ಥ.

ಹಣೆಬರಹದ ವಾದಿಗೆ ಇನ್ನೂ ಸುಲಭವಾದ ಪರೀಕ್ಷೆಯೊಂದಿದೆ. ಅಂಕದಲ್ಲಿ ಗೆದ್ದು ಬರುವ ದಾರಿಯಲ್ಲಿ ಕಳ್ಳನೊಬ್ಬ ಗಂಟನ್ನು ಕಿತ್ತುಕೊಂಡು, ‘ಇದೂ ಮೊದಲೇ ಬರೆದದ್ದು, ಅಣ್ಣ’ ಎಂದರೆ ಆತ ಕೈಮುಗಿದು ಮನೆಗೆ ಹೋಗುತ್ತಾನೆಯೆ? ಪೋಲೀಸರಲ್ಲಿಗೆ ಓಡಲು ಅಂಜಿಯಾನು, ಅದು ಬೇರೆ, ಬೈಗುಳಕ್ಕಂತೂ ಕೊರತೆಯಾಗದು. ಗೆಲ್ಲುವಾಗ ನನ್ನ ಜಾಣತನ, ಸೋಲುವಾಗ ವಿಧಿ, ಕಳ್ಳ ಬಂದಾಗ ನ್ಯಾಯ! ಇಂಥ ಅನುಕೂಲದ ದೇವರು ಯಾವ ಮತದಲ್ಲಿಯೂ ಇಲ್ಲ.

‘ಗೀತೆಯಲ್ಲಿ ಕೃಷ್ಣನೇ ತಾನು ದ್ಯೂತವೆಂದು ಹೇಳಿಕೊಂಡಿಲ್ಲವೆ?’ ಎಂಬ ಪಂಡಿತರೂ ಉಂಟು. ಹತ್ತನೆಯ ಅಧ್ಯಾಯದ ಆ ಮಾತನ್ನು ಪೂರ್ತಿ ಓದಬೇಕು. ಅಲ್ಲಿ ದ್ಯೂತ ಬರುವುದು ವಂಚಿಸುವವುಗಳ ಸಾಲಿನಲ್ಲಿ.

‘ಇದು ಜೂಜಲ್ಲ, ದೈವಕ್ಕೆ ಸಲ್ಲುವ ಆಚಾರ’ ಎಂಬ ಮಾತನ್ನು ನಾನು ಹಗುರವಾಗಿ ತಳ್ಳಲಾರೆ. ಭೂತಾರಾಧನೆ ಈ ಮಣ್ಣಿನ ಜನರ ಗಂಭೀರವಾದ ನಂಬಿಕೆ. ಆದರೆ ದೈವಕ್ಕೆ ಬೇಕಾದದ್ದು ರಕ್ತವೆಂದೇ ಒಪ್ಪಿದರೂ, ದೈವ ಎಂದಾದರೂ ಪಂಥದ ಹಣ ಕೇಳಿತೆ? ನೂರರ ನೋಟುಗಳನ್ನು ಎತ್ತಿ ಹಿಡಿದು ಕೂಗುವವರಲ್ಲಿ ದೈವದ ಪಾಲು ಯಾವುದು? ಆಚಾರದಿಂದ ಹಣವನ್ನು ತೆಗೆದುಬಿಡಿ. ಗದ್ದೆಯಲ್ಲಿ ಎಷ್ಟು ಭಕ್ತರು ಉಳಿಯುತ್ತಾರೆಂದು ನೋಡೋಣ. ಹಣವಿಲ್ಲದೆ ಜನ ಸೇರುವುದಿಲ್ಲವೆಂದೂ ಅಲ್ಲ. ಮೂಡಬಿದರೆಯ ಕೋಟಿ-ಚೆನ್ನಯ, ಬಂಟವಾಳ ತಾಲೂಕಿನ ಹೊಕ್ಕಾಡಿಗೋಳಿಯ ವೀರ-ವಿಕ್ರಮ, ವೇಣೂರು ಪೆರ್ಮುಡದ ಸೂರ್ಯ-ಚಂದ್ರ ಜೋಡುಕರೆಗಳಿಗೆ ಜನ ಸೇರುವುದು ಕೋಣಗಳ ಓಟ ನೋಡಲು. ಪೊಳಲಿಯ ಚೆಂಡಿಗೆ ಸೇರುವುದು ಆಟಕ್ಕಾಗಿ. ‘ಕಂಬಳಕ್ಕೆ 2017ರಲ್ಲಿ ಶಾಸನ ಮಾಡಿಕೊಟ್ಟರು, 2023ರಲ್ಲಿ ಸುಪ್ರೀಂ ಕೋರ್ಟೂ ಎತ್ತಿಹಿಡಿಯಿತು, ಅಂಕಕ್ಕೇಕೆ ಇಲ್ಲ?’ ಎನ್ನುವವರು ಈ ವ್ಯತ್ಯಾಸವನ್ನು ಗಮನಿಸಬೇಕು. ಕಂಬಳದಲ್ಲಿ ಸೋತ ಕೋಣ ಹಟ್ಟಿಗೆ ಮರಳುತ್ತದೆ. ಅಂಕದಲ್ಲಿ ಸೋತ ಹುಂಜ ಗೆದ್ದವನ ಅಡಿಗೆಮನೆಗೆ ಹೋಗುತ್ತದೆ.

ಇಷ್ಟು ಓದಿ ‘ಹಳ್ಳಿಯವರಿಗೆ ಸರಿಯಾಗಿ ಹೇಳಿದಿರಿ’ ಎಂದು ತಲೆದೂಗುವ ಪಟ್ಟಣದ ಸಜ್ಜನರಿಗೂ ಎರಡು ಮಾತು. ನಮ್ಮ ರಾಜ್ಯದ 1963ರ ಪೋಲೀಸ್ ಶಾಸನ ಅಂಕದ ಗದ್ದೆಯಲ್ಲಿ ಪಂಥ ಕಟ್ಟಿದ ಕೂಲಿಯಾಳನ್ನು ಹಿಡಿಯುತ್ತದೆ. ಅದೇ ಶಾಸನದ ವ್ಯಾಖ್ಯೆಯಲ್ಲಿ ಲಾಟರಿ ಜೂಜಲ್ಲ, ರೇಸ್ ಕೋರ್ಸಿನ ಕುದುರೆಯ ಮೇಲೆ ಕಟ್ಟಿದ ಹಣಕ್ಕೂ ವಿನಾಯಿತಿಯುಂಟು. ರಮ್ಮಿ ಜಾಣ್ಮೆಯ ಆಟವೆಂದು ಸುಪ್ರೀಂ ಕೋರ್ಟು 1967ರಲ್ಲಿ ಹೇಳಿತು, ಕುದುರೆ ಪಂದ್ಯವೂ ಹಾಗೆಯೇ ಎಂದು 1996ರಲ್ಲಿ. ಹುಂಜವನ್ನು ತಿಂಗಳುಗಟ್ಟಲೆ ಸಾಕಿ ಪಳಗಿಸಿದವನಿಗೆ ಜಾಣ್ಮೆಯಿಲ್ಲವೆ? ಸರಕಾರವೇ ವರ್ಷಗಳ ಕಾಲ ಲಾಟರಿ ಮಾರಿಸಿ, 2007ರಲ್ಲಿ ಅದನ್ನು ನಿಲ್ಲಿಸಿತು. ತಲಪಾಡಿಯ ಗಡಿ ದಾಟಿದರೆ 1967ರಲ್ಲಿ ತೊಡಗಿದ ಕೇರಳದ ಲಾಟರಿ ಇಂದಿಗೂ ಇದೆ. ಗಡಿಯ ಈಚೆ ಪಾಪ, ಆಚೆ ಆದಾಯ! ಅಂಕಕ್ಕೆ ಹೋಗಲು ನಾಚುವ ವಿದ್ಯಾವಂತ ಮಗ ಕೋಣೆಯ ಬಾಗಿಲು ಹಾಕಿಕೊಂಡು ಮೊಬೈಲಿನಲ್ಲಿ ಆಡಿದ. ಜಾಣ್ಮೆಯೋ ಅದೃಷ್ಟವೋ ಎಂಬ ತರ್ಕವನ್ನು ಬದಿಗಿಟ್ಟು, ಹಣ ಹೂಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸುವ ಶಾಸನವನ್ನು ಸಂಸತ್ತು 2025ರ ಆಗಸ್ಟಿನಲ್ಲಿ ಮಾಡಬೇಕಾಯಿತು. ಆ ತರ್ಕ ಅಷ್ಟು ವರ್ಷ ಮಾಡಿದ ಕೆಲಸ ಒಂದೇ: ದೊಡ್ಡವರ ಜೂಜಿಗೆ ಮಡಿಬಟ್ಟೆ ಉಡಿಸಿದ್ದು.

‘ಬದುಕೇ ಒಂದು ಜೂಜಲ್ಲವೆ?’ ಎಂಬುದು ಕೊನೆಯ ಬಾಣ. ಅಲ್ಲ. ಬೆಳ್ತಂಗಡಿಯ ಅಡಕೆ ಬೆಳೆಗಾರನಿಗೆ ಮಳೆ ಹೇಗೆ ಬರುವುದೋ ತಿಳಿಯದು, ಕೊಳೆರೋಗ ತಗಲುವುದೋ ತಿಳಿಯದು. ಆದರೂ ಅವನು ಮಳೆಗೆ ಮೊದಲೇ ಮೈಲುತುತ್ತು ಸುಣ್ಣದ ದ್ರಾವಣ ಸಿಂಪಡಿಸುತ್ತಾನೆ. ಇದ್ದ ಅಪಾಯವನ್ನು ಕಡಮೆ ಮಾಡಿಕೊಳ್ಳುವುದು ಅವನ ದುಡಿಮೆ; ಇಲ್ಲದ ಅಪಾಯವನ್ನು ಹುಟ್ಟಿಸಿಕೊಳ್ಳುವುದು ಜೂಜು. ಅವನ ಬೆಳೆ ಬಂದರೆ ನೆರೆಯವನ ಬೆಳೆ ಹೋಗಬೇಕಾಗಿಲ್ಲ. ಜೂಜಿನಲ್ಲಿ ನನ್ನ ಒಂದು ರೂಪಾಯಿಯ ಸಂತೋಷಕ್ಕೆ ಇನ್ನೊಬ್ಬನ ಒಂದು ರೂಪಾಯಿಯ ದುಃಖ ಬೇಕೇ ಬೇಕು. ದೀಪಾವಳಿಯ ರಾತ್ರಿ ನಾಲ್ಕು ಗೆಳೆಯರು ಹತ್ತು ರೂಪಾಯಿಗೆ ಎಲೆಯಾಡಿದರೆ ಅದನ್ನು ಮಹಾಪಾಪವೆನ್ನಲು ನಾನು ಸಿದ್ಧನಿಲ್ಲ. ಕಳೆದುಕೊಂಡದ್ದು ಅವರದೇ ಹಣ, ನಕ್ಕು ಮರೆಯುತ್ತಾರೆ. ಆದರೆ ಜೂಜು ಬಾಳುವುದು ನಕ್ಕು ಮರೆಯುವವರಿಂದಲ್ಲ, ಮರೆಯಲಾರದೆ ಮತ್ತೆ ಬರುವವರಿಂದ.

ಕೇಳಬೇಕಾದ ಪ್ರಶ್ನೆಯನ್ನು ದ್ರೌಪದಿ ಕೇಳಿದ್ದಾಳೆ. ತುಂಬಿದ ಸಭೆಯಲ್ಲಿ ಅವಳು ದಾಳ ಯಾರ ಇಚ್ಛೆಯಿಂದ ಬಿತ್ತೆಂದು ಕೇಳಲಿಲ್ಲ. ದೇವರಿಗೆ ಇದು ಮೊದಲೇ ತಿಳಿದಿತ್ತೆ ಎಂದೂ ಕೇಳಲಿಲ್ಲ. ತನ್ನನ್ನೇ ಸೋತವನಿಗೆ ತನ್ನನ್ನು ಪಣವಾಗಿಡಲು ಏನಧಿಕಾರ ಎಂದು ಕೇಳಿದಳು. ಭೀಷ್ಮನಂಥ ಭೀಷ್ಮನಿಗೂ ನೇರವಾಗಿ ಉತ್ತರ ಹೇಳಲಾಗಲಿಲ್ಲ. ತಾನು ಆಗ ದ್ವಾರಕೆಯ ಸಮೀಪದಲ್ಲಿದ್ದಿದ್ದರೆ ಕರೆಯದಿದ್ದರೂ ಬಂದು ಆ ಜೂಜನ್ನು ತಡೆಯುತ್ತಿದ್ದೆನೆಂದು ವನಪರ್ವದಲ್ಲಿ ಕೃಷ್ಣ ಹೇಳುತ್ತಾನೆ. ‘ಬರೆದದ್ದಾಯಿತು, ಬಿಡು’ ಎಂದು ಆ ದೇವರು ಹೇಳಲಿಲ್ಲ. ಅವನು ಹೇಳದ ಮಾತನ್ನು ನಾವು ಅವನ ಬಾಯಿಗೆ ತುರುಕುವುದೇಕೆ? ಗದ್ದೆಯಲ್ಲಿ ಎತ್ತಿ ಹಿಡಿದ ನೋಟು ಹೆಂಡತಿಯ ಬಳೆಯನ್ನು ಅಡವಿಟ್ಟು ತಂದದ್ದೋ, ಮಗಳ ಶಾಲೆಯ ಫೀಸೋ ಎಂಬುದು ದೇವರಿಗೆ ತಿಳಿದಿದೆ, ಸರಿ. ಹಿಡಿದವನಿಗೂ ತಿಳಿದಿದೆ. ತಪ್ಪು ಒಪ್ಪಿನ ತೀರ್ಮಾನಕ್ಕೆ ಆ ಎರಡನೆಯ ತಿಳಿವು ಧಾರಾಳವಾಗಿ ಸಾಕು.